ಬಡಿಸಿದರೆ ಹೊರಡುತ್ತಾರೆ

ಕೊಲಂಬೊಗೆ ಬಂದ ಹೊಸತರಲ್ಲಿ ನಾನು ಕೊಟ್ಟ ಮೊದಲ ಡಿನ್ನರ್ ಪಾರ್ಟಿ ಶುರುವಾಗುವ ಮೊದಲೇ ಮುಗಿದುಹೋಯಿತು. ಶಾಲೆಗೆ ಸಂಗೀತದ ಟೀಚರ್ ಆಗಿ ಆಗಷ್ಟೇ ಸೇರಿದ್ದೆ, ಸ್ಟಾಫಿನವರನ್ನೆಲ್ಲ ಊಟಕ್ಕೆ ಕರೆದಿದ್ದೆ. ಬದುಳ್ಳದ ನಮ್ಮ ಮನೆಯಲ್ಲಿ ಅಪ್ಪನ ಊಟ ಏಳಕ್ಕೆ ತಪ್ಪಿದರೆ ಭೂಕಂಪ. ಅದೇ ಅಭ್ಯಾಸದಲ್ಲಿ, ಬಂದವರು ಸರಿಯಾಗಿ ಕೂರುವ ಮೊದಲೇ ಅನ್ನ, ಕೋಳಿ ಸಾರು ತಂದಿಟ್ಟೆ. ಎಲ್ಲರೂ ಮುಖ ಮುಖ ನೋಡಿಕೊಂಡರು, ಉಂಡರು, ಕೈ ತೊಳೆದರು, ಹೊರಟೇಬಿಟ್ಟರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

"ಅಳಬೇಡಿ ಮಿಸ್. ಸಾರು ಚೆನ್ನಾಗೇ ಇತ್ತು."

ಬಾಗಿಲಲ್ಲಿ ಗಣಿತದ ಮೇಷ್ಟ್ರು ನಿಂತಿದ್ದರು, ಸಾಲಿಯ ಅಂತ ಅವರ ಹೆಸರು.

"ಮತ್ತೆ ಯಾಕೆ ಓಡಿಹೋದ್ರು ಎಲ್ಲ?"

"ನೀವೇ ಓಡಿಸಿದ್ರಲ್ಲ! ಇಲ್ಲಿ ಬಡಿಸೋದು ಅಂದ್ರೆ 'ಇನ್ನು ಎದ್ದೇಳ್ರಪ್ಪಾ' ಅಂದ ಹಾಗೆ. ಮೊದಲು ಕಟ್ಲೆಟ್, ಆಮೇಲೆ ಒಂದೊಂದು ಗ್ಲಾಸು ಅರಕ್, ಆಮೇಲೆ ಹಾಡು, ಮತ್ತೆ ಕಟ್ಲೆಟ್. ಜನ ಹಸಿದು ಗೋಡೆ ಕಚ್ಚೋ ಹೊತ್ತಿಗೆ ಅನ್ನ. ಉಂಡ ಮೇಲೆ ನಿಲ್ಲೋದು ಮರ್ಯಾದೆ ಅಲ್ಲ."

"ನೀವು ಉಂಡ ಮೇಲೂ ನಿಂತಿದ್ದೀರಲ್ಲ?"

"ನನಗೆ ಸ್ವಲ್ಪ ಮರ್ಯಾದೆ ಕಮ್ಮಿ," ಎಂದು ಸರ್ ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯಲು ನಿಂತರು.

ಆಮೇಲೆ ನನ್ನ ಮನೆಯ ಪಾರ್ಟಿಗಳಿಗೆ ಹೆಸರು ಬಂತು. ಬಂದ ಹೆಸರಿಗೆ ನಾನು ತೆತ್ತದ್ದು ಬೇರೆ ಮಾತು. ಬೆಳಗಿನಿಂದ ಎದೆ ಡವಡವ. ಮೀನು ಸಾಕಾಗುತ್ತದೋ ಇಲ್ಲವೋ, ಗುಣತಿಲಕ ಪ್ರಿನ್ಸಿಪಾಲರ ಪಕ್ಕ ಯಾರನ್ನು ಕೂರಿಸುವುದು, ಕರೆಂಟು ಕೈಕೊಟ್ಟರೆ ಐಸ್‌ಗೆ ಏನು ಗತಿ? "ಇನ್ನು ಜನ್ಮದಲ್ಲಿ ಯಾರನ್ನೂ ಕರೆಯಲ್ಲ" ಎಂದು ಪ್ರತಿ ಸಲವೂ ಆಣೆ ಇಡುತ್ತಿದ್ದೆ. ಅಷ್ಟರಲ್ಲಿ ಎಲ್ಲರಿಗಿಂತ ಮೊದಲು ಸಾಲಿಯ ಸರ್ ಬರುತ್ತಿದ್ದರು. ಈರುಳ್ಳಿ ಹೆಚ್ಚುತ್ತಾ ಓರೆಗಣ್ಣಲ್ಲಿ ನೋಡಿ, "ಕಣ್ಣೀರು ಈರುಳ್ಳಿದು ಮಿಸ್, ನಿಮ್ಮ ಅಂದಕ್ಕಲ್ಲ," ಎನ್ನುತ್ತಿದ್ದರು. ನಾನು ಸೌಟು ಎತ್ತುತ್ತಿದ್ದೆ. ಅವರು ನಗುತ್ತಿದ್ದರು. ಆ ಒಂದು ಗಂಟೆಗೋಸ್ಕರವೇ ನಾನು ಊರಿಗೆಲ್ಲ ಊಟ ಹಾಕುತ್ತಿದ್ದೆನೆಂದು ಈಗ ಹೇಳಲು ನನಗೆ ನಾಚಿಕೆಯಿಲ್ಲ.

ಸರ್‌ಗೆ ದಕ್ಷಿಣದ ಮಾತರ ಊರಿನಲ್ಲಿ ಹೆಂಡತಿ ಇದ್ದರು, ಮಂಗಳಿಕಾ. ಎಷ್ಟೋ ವರ್ಷಗಳಿಂದ ಇಬ್ಬರೂ ಬೇರೆ ಬೇರೆ. ಕಾಗದದ ಮೇಲೆ ಮಾತ್ರ ಮದುವೆ ಉಳಿದಿತ್ತು, ಜೊತೆಗೆ ಒಬ್ಬಳು ಮಗಳು, ಸೆನುರಿ. ನಾನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೋದ ತಿಂಗಳು ಮಂಗಳಿಕಾಗೆ ಲಕ್ವ ಹೊಡೆಯಿತು. ಸರ್ ಮಾತರಕ್ಕೆ ವರ್ಗ ಕೇಳಿದರು, ಸಿಕ್ಕಿತು.

ಬೀಳ್ಕೊಡುಗೆಯ ಪಾರ್ಟಿ ನನ್ನ ಮನೆಯಲ್ಲೇ. ಇನ್ನೆಲ್ಲಿ ಆದೀತು?

ಆ ರಾತ್ರಿ ಕಟ್ಲೆಟ್ ಮೂರು ಸಲ ಬಂದು ಹೋಯಿತು. ಬೈಲಾ ಹಾಡಿ ಹಾಡಿ ಜನರ ಗಂಟಲು ಒಣಗಿತು. ಗುಣತಿಲಕ ಸರ್ ಸೋಫಾದಲ್ಲೇ ತೂಕಡಿಸುತ್ತಿದ್ದರು. ನನ್ನ ತಂಗಿ ನಿಲಂತಿ ಬಂದು ಕಿವಿಯಲ್ಲಿ ಉಸುರಿದಳು.

"ಅಕ್ಕಾ, ಜನ ಹಸಿದು ಸಾಯ್ತಿದಾರೆ. ಅನ್ನ ಯಾವಾಗ ಬಡಿಸ್ತೀಯೇ?"

"ಆಗ್ತಾ ಇದೆ, ಹೋಗೇ."

ಆಗುತ್ತಿರಲಿಲ್ಲ. ತೊಳೆದ ಅಕ್ಕಿ ಪಾತ್ರೆಯಲ್ಲಿ ಹಾಗೇ ಇತ್ತು. ನಾನು ಒಲೆ ಹಚ್ಚಿರಲೇ ಇಲ್ಲ.

ಜಿಂಜರ್ ಬಿಯರಿನ ಗ್ಲಾಸು ಹಿಡಿದು ಸಾಲಿಯ ಸರ್ ಒಳಗೆ ಬಂದರು. ರಾತ್ರಿಯೇ ಕಾರು ಓಡಿಸಿಕೊಂಡು ಹೋಗಬೇಕಾದ್ದರಿಂದ ಅರಕ್ ಮುಟ್ಟಿರಲಿಲ್ಲ. ಪಾತ್ರೆಯನ್ನು ಮುಟ್ಟಿ ನೋಡಿದರು.

"ಮಿಸ್, ಇದೇನು ತಣ್ಣಗಿದೆ?"

"ಗ್ಯಾಸ್ ಮುಗಿದಿದೆ."

ಅವರು ಒಲೆಯ ಗುಂಡಿ ತಿರುಗಿಸಿದರು. ಭುಗ್ಗೆಂದು ಹತ್ತಿಕೊಂಡಿತು.

"ಸುಳ್ಳು ಹೇಳೋಕೂ ಬರಲ್ಲ ನಿಮಗೆ," ಎಂದರು. ನನ್ನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ತಾವೇ ಕೈ ಚಾಚಿ ಒಲೆ ಆರಿಸಿದರು. "ಇರಲಿ. ಇನ್ನೊಂದು ಹಾಡು ಆಗಲಿ."

ನಾನು ಒಲೆಯ ಕಡೆ ತಿರುಗಿ ನಿಂತೆ.

"ಹೋಗಬೇಡ ಅಂತ ಒಂದು ಸಲ ಹೇಳಿ," ಎಂದರು ಮೆಲ್ಲಗೆ.

"ಹೇಳಿದ್ರೆ?"

"ಹೋಗಲ್ಲ. ನಾಳೆ ಜನ ಉಗೀತಾರೆ, ಉಗೀಲಿ. ನೀವಿರ್ತೀರಲ್ಲ."

ಇಷ್ಟು ವರ್ಷ ಈ ಮಾತಿಗೇ ಕಾದಿದ್ದೆ. ನಾಲಿಗೆಯ ತುದಿಗೆ ಬಂದಿತ್ತು ನನ್ನ ಉತ್ತರ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು.

"ಹೇಳು ಮಗಳೇ... ಇಲ್ಲ, ಊಟ ಇನ್ನೂ ಆಗಿಲ್ಲ... ಯಾಕೆ ಅಳ್ತಿದ್ದೀಯ? ಅಮ್ಮ ಬಾಯಿ ತೆರೀತಿಲ್ವಾ? ಗಂಜಿ ತೆಳ್ಳಗೆ ಮಾಡು. ಅರ್ಧ ಚಮಚ, ಅರ್ಧ ಚಮಚ ಹಾಕು. ಆತುರ ಮಾಡಬೇಡ... ನೀನು ಏನಾದ್ರೂ ತಿಂದ್ಯಾ?"

ಆ ಕಡೆಯ ಹುಡುಗಿಯ ಬಿಕ್ಕಳಿಕೆ ನನಗೂ ಕೇಳಿಸುತ್ತಿತ್ತು. ಅವಳಿನ್ನೂ ತಿಂದಿರಲಿಲ್ಲವೆಂದು ಸರ್ ಮುಖ ನೋಡಿಯೇ ತಿಳಿಯಿತು. ನಾನು ಒಲೆ ಹಚ್ಚಿ ಪಾತ್ರೆ ಇಟ್ಟೆ.

ಅನ್ನ ಬಂದದ್ದೇ ತಡ, ಜನ ಮುಗಿಬಿದ್ದರು. ಉಂಡು ಸಾಲಿಯ ಸರ್ ಅವರ ಕೈ ಕುಲುಕಿದರು, "ಹೋಗಿ ಬರ್ತೀವಿ ಇನೋಕಾ" ಎಂದರು, ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಪಾತ್ರೆ ಎತ್ತಲು ನಿಲಂತಿ ಉಳಿದಳು. ಸಾಲಿಯ ಸರ್ ಮೇಜಿನ ಮುಂದೆ ಕೂತೇ ಇದ್ದರು. ಅವರು ತಟ್ಟೆ ಮುಟ್ಟಿರಲಿಲ್ಲ.

"ಉಣ್ಣಿ ಸರ್."

"ಉಂಡರೆ ಹೊರಡಬೇಕಾಗುತ್ತೆ."

ನಾನೇ ತಟ್ಟೆ ತಂದು ಬಡಿಸಿದೆ. ಅವರಿಗಿಷ್ಟವೆಂದು ಬದನೆಕಾಯಿ ಹೆಚ್ಚಾಗಿಯೇ ಹಾಕಿದೆ. ಅವರು ಅಗುಳು ಎಣಿಸುವವರ ಹಾಗೆ ಉಂಡರು. ನಾನು ಎದುರಿಗೆ ಕೂತು ಅವರ ಕೈಯನ್ನೇ ನೋಡಿದೆ. ಎಷ್ಟು ನಿಧಾನಿಸಿದರೂ ತಟ್ಟೆ ಖಾಲಿಯಾಯಿತು.

ಅವರು ತಲೆ ಎತ್ತಿದರು. ಯಾವತ್ತೂ ಮಿಸ್ ಎನ್ನುತ್ತಿದ್ದವರು ಮೊದಲ ಸಲ ನನ್ನ ಹೆಸರು ಹಿಡಿದರು.

"ಇನೋಕಾ, ಇನ್ನೊಂಚೂರು ಅನ್ನ ಇದೆಯಾ?"

ಕೇಳಿದ್ದು ಅನ್ನವನ್ನಲ್ಲವೆಂದು ನನಗೆ ಗೊತ್ತಿತ್ತು. ಬಂದವರೆದುರು ನನ್ನ ಮನೆಯಲ್ಲಿ ಯಾವತ್ತೂ ಆಡದ ಮಾತನ್ನು ಅವತ್ತು ಆಡಿದೆ.

"ಇಲ್ಲ ಸರ್. ಮುಗೀತು."

ಅವರು ಎದ್ದು ಕೈ ತೊಳೆದುಕೊಂಡರು, ಬಾಗಿಲ ಬಳಿ ಬಗ್ಗಿ ಚಪ್ಪಲಿ ಹಾಕಿಕೊಳ್ಳತೊಡಗಿದರು. ಒಳಗಿನಿಂದ ಪಾತ್ರೆಯ ಮುಚ್ಚಳ ತೆಗೆದ ಸದ್ದು, ಹಿಂದೆಯೇ ನಿಲಂತಿಯ ದನಿ.

"ಅಕ್ಕಾ! ಅರ್ಧ ಪಾತ್ರೆ ಅನ್ನ ಹಾಗೇ ಇದೆಯಲ್ಲೇ! ಇದನ್ನೇನು ಮಾಡ್ಲಿ?"

ಸರ್ ಕೈ ಒಂದು ಗಳಿಗೆ ನಿಂತಿತು. ಅವರು ತಲೆ ಎತ್ತಲಿಲ್ಲ. ಇನ್ನೊಂದು ಕಾಲಿಗೂ ಚಪ್ಪಲಿಯ ಪಟ್ಟಿ ಬಿಗಿದುಕೊಂಡು ಮೆಟ್ಟಿಲಿಳಿದು ಹೋದರು.