ಮೆಲ್ಲಗೆ ಏರುವ ನೀರು

"ನೀರು ಬಿಡೋರು ಯಾರ್ರೀ ಇಲ್ಲಿ?"

ಅಣೆಕಟ್ಟಿನ ಕಂಟ್ರೋಲ್ ರೂಮಿನ ಬಾಗಿಲಲ್ಲಿ ಅವಳು ನಿಂತಿದ್ದಳು. ಮೈಮೇಲೆ ಲೈಫ್ ಜಾಕೆಟ್, ಕೈಯಲ್ಲಿ ಹರಿದ ಹಗ್ಗದ ತುಂಡು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕಣ್ಣು ಮಾತ್ರ ಕೆಂಡ!

ಟೀ ಕುಡಿಯುತ್ತಿದ್ದ ಹೊಸ ಗೇಟ್ ಆಪರೇಟರ್ ಎದ್ದು ನಿಂತ. "ನಾನೇ ಮೇಡಂ... ಯಾಕೆ?"

"ಯಾಕೆ ಅಂತೀರಾ? ಗೋಡೆ ಥರ ಬಂತು ನೀರು! ದಡಕ್ಕೆ ಕಟ್ಟಿದ್ದ ನನ್ನ ರಾಫ್ಟು ಹಗ್ಗ ಕಿತ್ಕೊಂಡು ಹೋಯ್ತು. ಅದರಲ್ಲಿ ಜನ ಕೂತಿದ್ದಿದ್ರೆ?"

"ಸೈರನ್ ಹಾಕಿ, ಟೈಮ್‌ಗೆ ಸರಿಯಾಗೇ ಬಿಟ್ಟೆ..."

"ಟೈಮ್ ಸರಿ. ಬಿಟ್ಟ ರೀತಿ ಸರಿಯಿಲ್ಲ!"

ಈಗ ಜಗಳ ಶುರುವಾಗುತ್ತೆ ಅಂತ ಅವಳು ಟೊಂಕ ಕಟ್ಟಿ ನಿಂತಿದ್ದರೆ, ಅವನು ಕುರ್ಚಿ ಎಳೆದು ಹಾಕಿದ.

"ಹೆಂಗೆ ಬಿಡಬೇಕು, ಹೇಳಿಕೊಡಿ."

ಪುಣ್ಯಾತ್ಮ! ಇಂಥವನ ಜೊತೆ ಹೇಗೆ ಜಗಳ ಆಡೋದು?

ನೀರು ಬಿಡದ ದಿನ ಆ ನದಿ ಬರೀ ಬಂಡೆ. ಕರೆಂಟ್ ಬೇಕಾದ ದಿನ ದೊಡ್ಡ ಆಫೀಸಿನವರು ಹೊತ್ತು ಗೊತ್ತು ಮಾಡುತ್ತಾರೆ, ಆಪರೇಟರ್ ಗೇಟ್ ಎತ್ತುತ್ತಾನೆ, ಆಗಲೇ ಕೆಳಗೆ ಅಕ್ಕ-ತಂಗಿಯ ರಾಫ್ಟಿಂಗ್ ಕ್ಯಾಂಪಿಗೆ ಜೀವ. ಅಕ್ಕ ಆಫೀಸ್ ನೋಡಿಕೊಂಡರೆ, ಇವಳು ಗೈಡ್.

ಗೇಟನ್ನು ಇಷ್ಟಿಷ್ಟೇ ಎತ್ತಬೇಕು ಅಂತ ಅವಳು ಹೇಳಿಕೊಟ್ಟ ಮೇಲೆ ನೀರಿನ ನಡೆಯೇ ಬದಲಾಯಿತು. ಮೊದಲು ದಡದ ಕಲ್ಲು ಒದ್ದೆಯಾಗುತ್ತಿತ್ತು, ಆಮೇಲೆ ರಾಫ್ಟು ಮೆಲ್ಲಗೆ ಮೇಲೇಳುತ್ತಿತ್ತು. ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ!

ಪ್ರತಿ ಸಲ ನೀರು ಬಿಡುವ ಹಿಂದಿನ ದಿನ ಅವನ ಫೋನು. "ನಾಳೆ ಹತ್ತಕ್ಕೆ ನೀರು." ಬರಬರುತ್ತಾ ಅದರ ಜೊತೆಗೆ, "ಊಟ ಆಯ್ತಾ?"

"ಹತ್ತು ಗಂಟೆ ಅನ್ನೋಕೆ ಅರ್ಧ ಗಂಟೆ ಬೇಕೇನೇ ನಿಮ್ಮಿಬ್ಬರಿಗೆ?" ಅಂತ ಅಕ್ಕ ಕಾಲೆಳೆಯುತ್ತಿದ್ದಳು.

ಹೋದ ವಾರ ಬೇರೆ ನದಿಯಲ್ಲಿ ರಾಫ್ಟಿಂಗ್ ಮಾಡಿಸುವ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಬೇಡ ಅನ್ನಲಿ ಎಂಬ ಆಸೆಯಿಂದಲೇ ಅವನನ್ನು ಕೇಳಿದಳು, "ಹೋಗ್ಲಾ?"

ಫೋನಿನಲ್ಲಿ ಅವನೆಂದ, "ಒಳ್ಳೇ ಅವಕಾಶ... ಹೋಗಿ."

ಅಷ್ಟೇನಾ?

ಅವತ್ತಿನಿಂದ ಅವನ ಫೋನಿಲ್ಲ, ನೀರಿನ ಹೊತ್ತು ಬರೀ ಮೆಸೇಜಾಗಿ ಅಕ್ಕನಿಗೆ ಬಂತು. ಅವಳ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. 'ನಾನೇ ಏನೇನೋ ಅಂದ್ಕೊಂಡ್ನಾ? ಊಟ ಆಯ್ತಾ ಅಂತ ಎಲ್ರನ್ನೂ ಕೇಳ್ತಾನೇನೋ... ಆದ್ರೆ ಮೆಲ್ಲಗೆ ಏರೋ ಆ ನೀರು? ಅದು ಸುಳ್ಳು ಹೇಳುತ್ತಾ?'

ಇವತ್ತು ಆ ಕಂಪನಿಗೆ ಉತ್ತರ ಕೊಡಲೇಬೇಕು.

ಹೆಲ್ಮೆಟ್ ಹಾಕಿಕೊಂಡ ಗಿರಾಕಿಗಳನ್ನು ದಡದ ಮೇಲೆ ನಿಲ್ಲಿಸಿ ಅವಳು ಹಗ್ಗ ಹಿಡಿದಳು. ಸೈರನ್ ಕೂಗಿತು.

ನೀರು ಬಂತು... ಗೋಡೆ ಥರ!

ರಾಫ್ಟು ಹಾರಿಬಿತ್ತು. ಅಂಗೈ ಉರಿಯಿತು, ಕಣ್ಣು ತುಂಬಿತು. 'ಕೋಪಾನಾ? ಹೋಗು ಅಂದಿದ್ದು ನೀನೇ ಅಲ್ವಾ? ಮತ್ತೆ ನನ್ನ ಮೇಲೆ ಯಾಕೆ ಈ ಸಿಟ್ಟು?'

ಹಿಂದಿನಿಂದ ಯಾರೋ ಓಡಿಬಂದು ಹಗ್ಗ ಎಳೆದು ಹಿಡಿದರು.

"ಯಾರ್ರೀ ಅದು? ಗಿರಾಕಿಗಳೆಲ್ಲ ಹಿಂದೆ ನಿಲ್ಲಿ!"

ತಿರುಗಿ ನೋಡಿದರೆ... ಅವನು! ಹೆಲ್ಮೆಟ್ ಹಿಂದುಮುಂದಾಗಿತ್ತು.

"ನೀವು ಇಲ್ಲಿ! ಮತ್ತೆ ಗೇಟಲ್ಲಿ ಯಾರು?"

"ನಮ್ಮ ಸೀನಿಯರ್ರು. ನಾನು ರಜಾ ಹಾಕಿದೀನಿ. ಮೆಲ್ಲಗೆ ಬಿಡಿ ಸಾರ್ ಅಂತ ನೂರು ಸಲ ಹೇಳಿಬಂದೆ... ಕೇಳಿಲ್ಲ."

"ಮೆಲ್ಲಗೆ ಬಿಡೋದು ರೂಲ್ಸ್ ಅಲ್ವಾ?"

"ಅಲ್ಲ. ಹಂಗೆ ಬಿಡ್ಬೇಕು ಅಂದ್ರೆ ಬೇಗ ಬಂದು, ಗೇಟ್ ಪಕ್ಕದಲ್ಲೇ ಕಾಯ್ತಾ ನಿಂತಿರ್ಬೇಕು. ಯಾರೂ ನಿಲ್ಲಲ್ಲ."

"ನೀವು ನಿಲ್ತಿದ್ರಲ್ಲ?"

"ಕೆಳಗೆ ನೀವಿರ್ತಿದ್ರಲ್ಲ..."

ನೀರಿನ ಸದ್ದು ಕಿವಿಗಡಚಿಕ್ಕುತ್ತಿದ್ದರೂ ಅವಳಿಗೆ ಅದೊಂದೇ ಮಾತು ಕೇಳಿಸಿತು.

"ಮತ್ತೆ ಹೋಗಿ ಅಂದ್ರಿ!"

"ಬೇಡ ಅನ್ನೋಕೆ ನಾನ್ಯಾರು ಅನ್ನಿಸ್ತು. ಒಂದು ವಾರ ಯೋಚನೆ ಮಾಡಿದ್ರೂ ಗೊತ್ತಾಗ್ಲಿಲ್ಲ. ಅದನ್ನೇ ಕೇಳೋಕೆ ಬಂದೆ." ಅವನು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದ. "ನಿಮ್ಮನ್ನ ಬಿಟ್ಟಿರೋಕೆ ನನ್ನಿಂದಾಗಲ್ಲ. ಹೇಳಿ... ನಾನ್ಯಾರು?"

ಅಷ್ಟರಲ್ಲಿ ಮೇಲಿನಿಂದ ಅಕ್ಕ ಕೂಗಿದಳು. "ಆ ಕಂಪನಿಯವರ ಫೋನ್ ಕಣೇ! ಏನು ಹೇಳ್ಲಿ?"

ಅವಳು ಅವನ ಹೆಲ್ಮೆಟ್ ಸರಿಯಾಗಿ ತಿರುಗಿಸಿ, ಗಲ್ಲದ ಕೆಳಗೆ ಪಟ್ಟಿ ಬಿಗಿದಳು. ಕೈ ಅಲ್ಲಿಂದ ಬೇಗ ಬರಲಿಲ್ಲ.

"ಬರಲ್ಲ ಅಂತ ಹೇಳಕ್ಕಾ! ಇಲ್ಲೊಬ್ಬರಿಗೆ ನೀರು ಬಿಡೋದು ಕಲಿಸ್ತಾ ಇದೀನಿ, ಅರ್ಧಕ್ಕೇ ಬಿಟ್ಟು ಬರೋಕಾಗಲ್ಲ ಅಂತ ಹೇಳು!"

ಅವನ ಮುಖ ಅರಳಿತು. "ನಾನು ಬಹಳ ದಡ್ಡ ಕಣ್ರೀ. ಕಲಿಯೋಕೆ ತುಂಬಾ ವರ್ಷ ಬೇಕು."

"ಗೊತ್ತು..." ಅವಳು ಕಣ್ಣೊರೆಸಿಕೊಂಡು ನಕ್ಕಳು. "ನೀರು ಇಳಿಯೋವರೆಗೂ ಇಲ್ಲೇ ನನ್ನ ಪಕ್ಕ ನಿಂತ್ಕೊ."