ಮಲ್ಲುವಿನ ಉಡದಾರ

"ಚಡ್ಡಿ ಇನ್ನೊಂದೀಟು ಕೆಳಗ ಸರಸೋ ತಮ್ಮಾ."

ಡಾಕ್ಟರಬಾಯಿ ಹೀಗೆಂದಾಗ ಮಲ್ಲು ಎರಡೂ ಕೈಯಿಂದ ಚಡ್ಡಿಯನ್ನು ಮತ್ತಷ್ಟು ಗಟ್ಟಿಯಾಗಿ ಹಿಡಿದುಕೊಂಡ.

ಅವನ ಸೊಂಟದ ಸುತ್ತ ಗಜಕರ್ಣ ಎದ್ದಿತ್ತು. ಮುಲಾಮು ಹಚ್ಚಿದರೆ ಮಾಯುತ್ತಿತ್ತು, ಬಿಟ್ಟರೆ ಮತ್ತೆ ಕೆಂಪಗೆ ಉಂಗುರ ಉಂಗುರವಾಗಿ ಏಳುತ್ತಿತ್ತು. ಶಾಲೆಯಲ್ಲಿ ಕಲ್ಮೇಶ ಅವನಿಗೆ ಕೆರಕಪ್ಪ ಎಂದು ಹೆಸರಿಟ್ಟು, ಬೆಂಚಿನ ಆ ತುದಿಗೆ ಸರಿದು ಕೂತಿದ್ದ. ಅದಕ್ಕೇ ಅವನ ಅಜ್ಜಿ ಗುರವ್ವ ಬಿಳೂರಿನಿಂದ ಬಸ್ಸು ಹತ್ತಿಸಿ ಜತ್ತದ ದವಾಖಾನೆಗೆ ಕರೆತಂದಿದ್ದಳು. ಮಲ್ಲು ಅವಳನ್ನು ಕರೆಯುವುದು ಆಯಿ ಎಂದು.

ಕಡೆಗೆ ಡಾಕ್ಟರಬಾಯಿಯೇ ಚಡ್ಡಿ ಸರಿಸಿದರು. ಒಳಗೆ ಕರಿಯ ಉಡದಾರ. ಬೆಳಿಗ್ಗೆ ಜಳಕ ಮಾಡಿದ್ದು, ಮಧ್ಯಾಹ್ನವಾದರೂ ದಾರ ಇನ್ನೂ ಹಸಿಯಾಗಿತ್ತು.

"ನೋಡ್ರಿ ಆಯಿ, ಈ ಹಸಿಯೊಳಗ ಅದು ಮನಿ ಮಾಡೇತಿ. ದಾರ ಬಿಚ್ರಿ. ಮತ್ತ, ಗುರ್ತ ಹೋತಂತ ಮುಲಾಮ ಬಿಡಬ್ಯಾಡ್ರಿ."

ಮಲ್ಲು ಆಯಿಯ ಮುಖ ನೋಡಿದ. ಕೂಸಿದ್ದಾಗ ಅವನಿಗೆ ಜ್ವರ ನೆತ್ತಿಗೇರಿತ್ತಂತೆ. ಆಗ ಆಯಿ ಗುಡಿಯ ಕಟ್ಟೆಯ ಮೇಲೆ ಮಲಗಿಸಿ ಉಡದಾರ ಕಟ್ಟಿದ್ದಳಂತೆ. ಅಂದಿನಿಂದ ದಾರ ಸವೆದಾಗೆಲ್ಲ ಹೊಸದನ್ನು ಕಟ್ಟಿದ ಮೇಲೇ ಹಳೆಯದನ್ನು ಬಿಚ್ಚುವಳು. ಅವಳು ದಾರ ಹಿಡಿದು ಕೂತರೆ ಮಲ್ಲು ಎದುರಿಗೆ ನಿಂತು ಗರಗರ ತಿರುಗುವನು. ಸೊಂಟ ಒಂದು ಗಳಿಗೆಯೂ ಬರಿದಾಗಬಾರದು.

ಬಸ್ಸಿನಲ್ಲಿ ಆಯಿ ದಿನಾ ಹೇಳುವ ದೇವರ ಪದ ಹೇಳಿಕೊಳ್ಳುತ್ತಿದ್ದಳೇನೋ, ತುಟಿ ಮಾತ್ರ ಅಲ್ಲಾಡುತ್ತಿದ್ದವು. ಮನೆಗೆ ಬಂದವಳೇ ದೇವರ ಜಗಲಿಯ ಮುಂದೆ ಅವನನ್ನು ನಿಲ್ಲಿಸಿಕೊಂಡಳು.

"ಬ್ಯಾಡ ಆಯಿ. ನಾ ಕೆರಕಪ್ಪ ಆಗೇ ಇರ್ತೇನಿ," ಎಂದ ಮಲ್ಲು. "ಮತ್ತ ಜ್ವರ ಬಂದ್ರ?"

"ಬಂದ್ರ ನಾ ಇಲ್ಲೇ ಅದೇನಿ."

ಹಾಗೆಂದು ಗಂಟಿಗೆ ಕೈ ಹಾಕಿದಳು. ನೆನೆದ ಗಂಟು ಬಿಚ್ಚಲೊಲ್ಲದು. ಆಯಿ ಕತ್ತರಿ ತರಲಿಲ್ಲ. ಬಾಗಿ, ಇದ್ದ ಹಲ್ಲಿನಿಂದಲೇ ಗಂಟು ಸಡಿಲಿಸಿದಳು. ದಾರವನ್ನು ಬಿಸಿಲಿಗೆ ಒಣಗಿಸಿ ಜಗಲಿಯ ದೀಪದ ಪಕ್ಕ ಇಟ್ಟಳು.

ಆಮೇಲೆ ದಿನಾ ಸಂಜೆ ದೀಪ ಹಚ್ಚಿದ ಕೂಡಲೇ ಮುಲಾಮಿನ ಸರದಿ. ಜ್ವರವೇನೂ ಬರಲಿಲ್ಲ. ಉಂಗುರಗಳು ಮಾಸಿದವು, ಚರ್ಮ ತಿಳಿಯಾಯಿತು. ಕಲ್ಮೇಶ ಬೆಂಚಿನ ನಡುವಿಗೆ ಮರಳಿ ಬಂದ.

ಒಂದು ಸಂಜೆ ಅವನು ಬ್ಯಾಟು ಹಿಡಿದು ಹೊರಗಿನಿಂದ ಕೂಗುತ್ತಿದ್ದ.

"ಹೋತಲ್ಲ ಆಯಿ, ಇನ್ನ ಸಾಕು," ಎಂದ ಮಲ್ಲು.

"ಬಿಡಬ್ಯಾಡ ಅಂದಾರ. ನಿಂದ್ರು."

ಮಲ್ಲು ಅಂಗಿ ಎತ್ತಿದ. ಆಯಿಯ ಬೆರಳು ಹೊಕ್ಕುಳ ಕೆಳಗಿನಿಂದ ಹೊರಟಿತು. ದಾರ ಇದ್ದ ಜಾಗದಲ್ಲೇ, ಅದು ಇದ್ದ ಹಾಗೆಯೇ, ಸೊಂಟವನ್ನು ಬಳಸಿಕೊಂಡು ಮೆಲ್ಲಗೆ ಹೋಗುತ್ತಿತ್ತು. ಅವಳ ತುಟಿ ಅಲ್ಲಾಡುತ್ತಿದ್ದವು.

ಕಲ್ಮೇಶ ಮತ್ತೆ ಕೂಗಿದ.

"ತಡಿಯೋ, ಬಂದೆ," ಎಂದ ಮಲ್ಲು. ಅಂಗಿಯನ್ನು ಇನ್ನಷ್ಟು ಮೇಲಕ್ಕೆತ್ತಿ, ಆಯಿಯ ಬೆರಳಿನ ಮುಂದೆ ನಿಧಾನವಾಗಿ ತಿರುಗಿದ.