ತಾಮ್ರಕ್ಕೆ ತಕ್ಕ ಸ್ಪ್ರಿಂಗ್

ಇಪ್ಪತ್ತೆರಡು ವರ್ಷ ತಂತಿ ಕಾರ್ಖಾನೆಯ ಗೋದಾಮು ಕಾದವನು ಅವನು. ಮುಖ್ಯಸ್ಥನ ಕುರ್ಚಿ ಮಾತ್ರ ನಿನ್ನೆ ಮೊನ್ನೆ ಬಂದ ಧಣಿಯ ಭಾಮೈದನಿಗೆ. ಆ ಆಸಾಮಿ ಒಳಗೆ ಬಂದಾಗಲೆಲ್ಲ ಎದ್ದು ನಿಲ್ಲಬೇಕು. ಹೊಟ್ಟೆ ಉರಿಯದೆ ಇರುತ್ತದೆಯೇ?

ಗೋದಾಮಿನ ಕೀಲಿ ಇನ್ನೂ ಅವನ ಬಳಿಯೇ ಇತ್ತು. ಪ್ರತಿ ಶುಕ್ರವಾರ ನೂರು ಕಿಲೋ ತಾಮ್ರ ಕಾರಿನ ಡಿಕ್ಕಿಯಲ್ಲಿ ಸಾಗಿಸಿದರೆ, ವರ್ಷದೊಳಗೆ ರಾಜೀನಾಮೆಯನ್ನು ಧಣಿಯ ಮುಖಕ್ಕೆ ಎಸೆದು ಸ್ವಂತ ಅಂಗಡಿ ತೆರೆಯಬಹುದು. ಸಿಕ್ಕಿಬಿದ್ದರೆ ಜೈಲು, ಹೆಂಡತಿ ಬೀದಿಯಲ್ಲಿ ತಲೆ ಎತ್ತುವಂತಿಲ್ಲ. ಅಡ್ಡಿ ಒಂದೇ, ಗೇಟಿನ ಕಾವಲುಗಾರ. ಅವನು ಎಲ್ಲರ ಡಿಕ್ಕಿಯನ್ನೂ ತೆಗೆಸುವುದಿಲ್ಲ, ಹಿಂಭಾಗ ಕುಸಿದ ಗಾಡಿಯನ್ನು ಮಾತ್ರ ನಿಲ್ಲಿಸುತ್ತಾನೆ. ಹಿಂದೆ ಇಬ್ಬರು ಹಾಗೇ ಸಿಕ್ಕಿಬಿದ್ದಿದ್ದರು. ದಡ್ಡ ಶಿಖಾಮಣಿಗಳು! ಕದಿಯುವ ಮೊದಲು ಗಾಡಿ ಸರಿ ಮಾಡಿಸಬೇಡವೇ?

ಅವನು ಮೂರು ಗ್ಯಾರೇಜು ಸುತ್ತಿದ. ಸ್ಪ್ರಿಂಗಿನ ನಡುವೆ ಸಿಕ್ಕಿಸುವ ರಬ್ಬರು ಬಗ್ಗಿ ನೋಡಿದವರಿಗೆ ಕಾಣುತ್ತದೆ, ಬೇಡ. ಗಾಳಿ ತುಂಬುವ ದುಬಾರಿ ಸರಂಜಾಮನ್ನು ಹಳೇ ಕಾರಿಗೆ ಹಾಕಿಸಿದರೆ ನೆರೆಯವರು ಕೇಳುತ್ತಾರೆ, ಅದೂ ಬೇಡ. ಕೊನೆಗೆ ದಪ್ಪ ಸ್ಪ್ರಿಂಗು, ಗಟ್ಟಿ ಶಾಕ್ ಅಬ್ಸಾರ್ಬರ್ ಆರಿಸಿದ.

"ಇಷ್ಟು ಗಟ್ಟಿ ಯಾಕಣ್ಣ? ಸೊಂಟ ಹಿಡ್ಕೊಳುತ್ತೆ," ಎಂದ ಮೆಕ್ಯಾನಿಕ್.

"ನಮ್ಮತ್ತೆ ಮಾವನ್ನ ನೀನು ನೋಡಿಲ್ಲ ಬಿಡು. ಇಬ್ಬರೂ ಹಿಂದೆ ಕೂತ್ರೆ ಗಾಡಿ ನೆಲ ನೆಕ್ಕುತ್ತೆ."

ಮೆಕ್ಯಾನಿಕ್ ನಗುತ್ತಲೇ ಸ್ಪ್ಯಾನರ್ ಎತ್ತಿಕೊಂಡ.

ಮನೆಯಲ್ಲಿ ಡಿಕ್ಕಿಗೆ ನೂರು ಕಿಲೋ ಮರಳಿನ ಚೀಲ ಹೇರಿ, ಹಿಂಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಅಂತರ ಅಳೆದ. ಹಳೇ ಸ್ಪ್ರಿಂಗಿನಲ್ಲಿ ಖಾಲಿ ಕಾರು ಎಷ್ಟು ಎತ್ತರ ನಿಲ್ಲುತ್ತಿತ್ತೋ ಅಷ್ಟೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಭಲೇ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮೊದಲ ಶುಕ್ರವಾರ ಸಂಜೆ ಗೇಟಿನಲ್ಲಿ ಗಾಜು ಏರಿಸಿಕೊಂಡು, ನೇರ ಮುಂದೆ ನೋಡುತ್ತ ಕೂತ. ಕಾವಲುಗಾರ ಬಗ್ಗಿ ಚಕ್ರ ನೋಡಿ, ಹೋಗಿ ಎಂದು ಕೈಬೀಸಿದ. ಎರಡನೇ ವಾರವೂ ಹಾಗೇ. ಮೂರನೇ ವಾರ ತಾನೇ ಗಾಜು ಇಳಿಸಿ, "ಊಟ ಆಯ್ತೇನಪ್ಪ?" ಎಂದು ಕೇಳುವಷ್ಟು ಧೈರ್ಯ ಬಂದಿತ್ತು.

ನಾಲ್ಕನೇ ಶುಕ್ರವಾರ ಕಾವಲುಗಾರ ಕೈ ಅಡ್ಡ ಹಿಡಿದ. ಚಕ್ರದ ಕಡೆ ನೋಡಲೂ ಇಲ್ಲ. "ತಪ್ಪು ತಿಳ್ಕೋಬೇಡಿ ಸಾರ್," ಎಂದ ಸಂಕೋಚದಿಂದ. "ಬೆಳಿಗ್ಗೆ ಬಾಗಿಲು ತೆಗೆಯೋನೂ ನಾನೇ ಅಲ್ವಾ? ದಿನಾ ನಿಮ್ಮ ಕಾರು ಹಿಂದುಗಡೆ ಎತ್ಕೊಂಡು ಬರುತ್ತೆ, ಹಾಗೇ ಎತ್ಕೊಂಡು ಹೋಗುತ್ತೆ. ಶುಕ್ರವಾರ ಸಂಜೆ ಮಾತ್ರ ಸಮ ಆಗ್ಬಿಡುತ್ತೆ. ಸ್ವಲ್ಪ ಡಿಕ್ಕಿ ತೆಗೀರಿ."